2.8 ಅಷ್ಟೇನಾ?

ಬೆಳಿಗ್ಗೆ ಮೈಸೂರಿನ ದೇವರಾಜ ಮಾರ್ಕೆಟ್‌ನಿಂದ ಬಂದು ಎರಡು ಸಲ ಕಾಫಿ ಕುಡಿದರೂ ಮನಸ್ಸು ಸರಿಹೋಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಹೂವಿನ ಸಾಲಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡ ಏಳೆಂಟು ಹುಡುಗರು ಸಿಕ್ಕರು. ಭಾನುವಾರದ ಫೋಟೋವಾಕ್. ಒಳ್ಳೇ ಹುಡುಗರು. ಒಬ್ಬ ನನ್ನ ಕ್ಯಾಮೆರಾ ನೋಡಿ ಹತ್ತಿರ ಬಂದ. "ಮೇಡಂ, ಇದ್ಯಾವ ಲೆನ್ಸ್, ಇಷ್ಟು ಚಿಕ್ಕದು?" ಅಂದ. ಫೋಕ್ಟ್‌ಲೆಂಡರ್ ಕಲರ್-ಸ್ಕೋಪಾರ್, 28 ಎಂಎಂ, ಎಫ್ 2.8 ಅಂದೆ. "ಆಟೋಫೋಕಸ್ ಇದೆಯಾ?" ಇಲ್ಲಪ್ಪ, ಕೈಯಲ್ಲೇ ಮಾಡಬೇಕು ಅಂದೆ. "ಓ... 2.8 ಅಷ್ಟೇನಾ?" ಅಂದ. ಈ ಸಂಖ್ಯೆ ಲೆನ್ಸಿನ ಬೆಳಕಿನ ಕಿಂಡಿ (ಅಪರ್ಚರ್) ಎಷ್ಟು ತೆರೆಯುತ್ತೆ ಅನ್ನೋ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ, ಫೋಕಸ್ ಆಗುವ ಆಳ ಕಡಿಮೆ.

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಕನಿಕರ ಇತ್ತು. ಅದೇ ನನಗೆ ಜಾಸ್ತಿ ಚುಚ್ಚಿದ್ದು.

ಆಮೇಲೆ ತನ್ನ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಆಗತಾನೇ ತೆಗೆದ ಫೋಟೋ ತೋರಿಸಿದ. 50 ಎಂಎಂ, 1.2. ಮಲ್ಲಿಗೆ ಮಾರುವ ಒಬ್ಬ ಅಮ್ಮ. ಒಂದು ಕಣ್ಣು ಚೂಪಾಗಿದೆ, ರೆಪ್ಪೆ ಎಣಿಸಬಹುದು. ಇನ್ನೊಂದು ಕಣ್ಣು ಮಬ್ಬು. ಕೈಯಲ್ಲಿರುವ ಹೂವು ಬಿಳೀ ಹೊಗೆ ಥರ. ಹಿಂದೆ ಸಾಲಾಗಿದ್ದ ಕುಂಕುಮದ ಗುಡ್ಡೆಗಳು, ತಕ್ಕಡಿ, ಬಾಳೆ ಎಲೆಯ ಕಟ್ಟು, ಎಲ್ಲಾ ಕಲಸಿ ಬಣ್ಣದ ಗಂಜಿ. ಒಂದು ಮೀಟರ್ ದೂರದಿಂದ 1.2ರಲ್ಲಿ ತೆಗೆದರೆ ಫೋಕಸ್‌ಗೆ ಸಿಗುವುದು ಸುಮಾರು 3 ಸೆಂಟಿಮೀಟರ್ ಆಳ ಮಾತ್ರ. ಬೆಳಗಿನ ಜಾವ ಎದ್ದು ಮಾರ್ಕೆಟ್‌ಗೆ ಹೋಗಿ, ಮಾರ್ಕೆಟ್ಟನ್ನೇ ಅಳಿಸಿಕೊಂಡು ಬರೋದು ಯಾಕೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಅವನದ್ದು ತಪ್ಪಿಲ್ಲ. ಅವನಿಗೆ ಹಾಗೆ ಕಲಿಸಿದ್ದಾರೆ. ಯಾವ ವಿಡಿಯೋ ನೋಡಿದರೂ ಅದೇ, ಯಾವ ಅಂಗಡಿಗೆ ಹೋದರೂ ಅದೇ. 1.8 ಅಂದರೆ ಕಡಿಮೆ ದುಡ್ಡಿನವರಿಗೆ, 1.4 ಅಂದರೆ ಪರವಾಗಿಲ್ಲ, 1.2 ಅಂದರೆ ನಿಜವಾದ ಲೆನ್ಸ್. ಸಂಖ್ಯೆ ಇಳಿದಷ್ಟೂ ಮರ್ಯಾದೆ ಏರುತ್ತೆ. ಲೆನ್ಸ್ ಅನ್ನೋದನ್ನ ಈ ಒಂದು ಸಂಖ್ಯೆಯಲ್ಲಿ ಅಳೆಯುವ ಚಟ ಬಿಡಿ ಅಂತ ಎಷ್ಟು ಸಲ ಹೇಳಿದ್ದೇನೋ ನಿಮಗೇ ಗೊತ್ತು. ಇವತ್ತು ಇನ್ನೊಂದು ಸಲ ಹೇಳುತ್ತೇನೆ.

ಈ ಲೆನ್ಸ್ ಯಾಕೆ ಚಿಕ್ಕದು ಅಂತ ಅವನು ಮುಂದೆ ಕೇಳಿದ್ದರೆ ಅಲ್ಲೇ ನಿಂತು ಖುಷಿಯಿಂದ ಹೇಳುತ್ತಿದ್ದೆ. ಇದು ರೇಂಜ್‌ಫೈಂಡರ್ ಅನ್ನೋ ಥರದ ಕ್ಯಾಮೆರಾಗೆಂದು ಮಾಡಿದ್ದು. ಅಂಥ ಕ್ಯಾಮೆರಾದಲ್ಲಿ ನಾವು ಲೆನ್ಸ್ ಒಳಗಿಂದ ನೋಡುವುದಿಲ್ಲ, ಅದರ ಮೇಲೆ ಪಕ್ಕದಲ್ಲಿರುವ ಒಂದು ಪುಟ್ಟ ಕಿಟಕಿಯಿಂದ ನೋಡುತ್ತೇವೆ. ಲೆನ್ಸ್ ದಪ್ಪ ಆದರೆ ಆ ಕಿಟಕಿಗೇ ಅಡ್ಡ ಬರುತ್ತದೆ, ಚೌಕಟ್ಟಿನ ಒಂದು ಮೂಲೆಯೇ ಮುಚ್ಚಿಹೋಗುತ್ತದೆ. ಹಾಗಾಗಿ ಮಾಡುವವರು ಮೊದಲಿಂದಲೂ ಒಂದೊಂದು ಮಿಲಿಮೀಟರಿಗೂ ಲೆಕ್ಕ ಇಟ್ಟರು. ಕನ್ನಡಿ ಇಲ್ಲದ ಕ್ಯಾಮೆರಾ ಆದ್ದರಿಂದ ಹಿಂದಿನ ಗಾಜು ಫಿಲ್ಮಿಗೆ ತುಂಬಾ ಹತ್ತಿರ ಕೂರಬಹುದು, ಅಗಲ ಕೋನದ ಲೆನ್ಸನ್ನೂ ಗಿಡ್ಡವಾಗಿ ಕಟ್ಟಬಹುದು. ಒಳಗೆ ಮೋಟಾರಿಲ್ಲ, ಸರ್ಕ್ಯೂಟ್ ಇಲ್ಲ. ಗಾಜು, ಲೋಹ, ಸ್ವಲ್ಪ ಗ್ರೀಸ್. ಜರ್ಮನಿಯ ಲೈಕಾ ಕಂಪನಿಯ ರೇಂಜ್‌ಫೈಂಡರ್ ಕ್ಯಾಮೆರಾ ಎಂ3 ಬಂದದ್ದು 1954ರಲ್ಲಿ. ನನ್ನ ಹೊಸ ಲೆನ್ಸನ್ನು ಇವತ್ತು ಆ ಕ್ಯಾಮೆರಾಗೆ ತಿರುಗಿಸಿದರೆ ಕೂರುತ್ತದೆ.

ನನ್ನ ಲೆನ್ಸನ್ನು ಮಾಡುವುದು ಜಪಾನಿನ ನಾಗಾನೊ ಪ್ರಾಂತ್ಯದ ಕೊಸಿನಾ ಕಂಪನಿ. ಫೋಕ್ಟ್‌ಲೆಂಡರ್ ಅನ್ನೋದು 1756ರಲ್ಲಿ ವಿಯೆನ್ನಾದಲ್ಲಿ ಶುರುವಾದ ಹೆಸರು. ಆ ಹೆಸರಲ್ಲಿ ಕೊಸಿನಾದವರು 1999ರಿಂದ ಲೆನ್ಸ್ ಮಾಡುತ್ತಿದ್ದಾರೆ. ಅವರದೇ ಇನ್ನೊಂದು ಇದೆ, ಕಲರ್-ಸ್ಕೋಪಾರ್ 50 ಎಂಎಂ ಎಫ್ 2.2. ತೂಕ 135 ಗ್ರಾಂ. ನಿಕಾನ್ ಝಡ್ ಸರಣಿಯ 50 ಎಂಎಂ 1.2 ಆಟೋಫೋಕಸ್ ಲೆನ್ಸ್ 1090 ಗ್ರಾಂ. ಎಂಟು ಪಟ್ಟು! ಎರಡೂ 50 ಎಂಎಂ. ಎರಡರಲ್ಲೂ ಕಾಣುವ ಜಗತ್ತು ಅಷ್ಟೇ ಅಗಲ. ಚೀನಾದ ಟಿಟಿಆರ್ಟಿಸಾನ್ ಅಂತೂ 28 ಎಂಎಂ ಲೆನ್ಸಿನ ಮೇಲೆ 5.6 ಅಂತ ಧೈರ್ಯವಾಗಿ ಕೆತ್ತಿ ಮಾರುತ್ತಿದೆ. ಅದು 1955ರ ಲೈಕಾ ಸುಮ್ಮಾರಾನ್ ಅನ್ನೋ ಲೆನ್ಸಿನ ನೆನಪಲ್ಲಿ ಮಾಡಿದ್ದು. ಆ ಸುಮ್ಮಾರಾನನ್ನು ಲೈಕಾದವರೇ 2016ರಲ್ಲಿ ಮತ್ತೆ ಮಾಡಿದರು. ಅಂದರೆ 5.6 ಸಾಕು ಅನ್ನುವವರು ಇನ್ನೂ ಇದ್ದಾರೆ. ನನಗೆ ಅದು ತುಂಬಾ ಸಮಾಧಾನದ ವಿಷಯ.

ನನ್ನ ಹತ್ತಿರ ಲೈಕಾ ಇಲ್ಲ ಅಂತ ನಿಮಗೆಲ್ಲ ಗೊತ್ತು. ನನ್ನದು ಸೋನಿ ಮಿರರ್‌ಲೆಸ್, ಸೆಕೆಂಡ್‌ಹ್ಯಾಂಡ್. ನನ್ನ ಲೆನ್ಸಿನಂಥ ಲೈಕಾ ಎಂ ಲೆನ್ಸಿಗೆ ಸೆನ್ಸರ್‌ನಿಂದ (ಫಿಲ್ಮಿನ ಜಾಗದಲ್ಲಿರುವ ಚಿಪ್) 27.8 ಮಿಲಿಮೀಟರ್ ದೂರ ಬೇಕು, ಸೋನಿಯಲ್ಲಿ ಲೆನ್ಸ್ ಕೂರುವ ಬಾಯಿ 18 ಮಿಲಿಮೀಟರಿಗೇ ಮುಗಿಯುತ್ತದೆ. ಮಧ್ಯದ 9.8 ಮಿಲಿಮೀಟರಿಗೆ ಅಡಾಪ್ಟರ್ ಅನ್ನೋ ಒಂದು ಲೋಹದ ಬಳೆ ಹಾಕಿದರೆ ಆಯ್ತು. ಅದರಲ್ಲಿ ಗಾಜಿಲ್ಲ, ಕೆಡೋದಕ್ಕೆ ಏನೂ ಇಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ಹುಡುಗ ಹೋದ ಮೇಲೆ ನಾನು ಅದೇ ಅಮ್ಮನ ಹತ್ತಿರ ಹೂವು ತಗೊಂಡೆ. "ಎಷ್ಟ್ ಮೊಳ ಅಕ್ಕಾ?" ಅಂದರು. ಎರಡು ಮೊಳ ಅಂದೆ. ಅವರು ಮೊಳ ಹಾಕುವುದನ್ನೇ ನೋಡುತ್ತಾ ನಿಂತೆ. ಮೊಣಕೈಯಿಂದ ಬೆರಳ ತುದಿಗೆ ಒಂದು, ಮತ್ತೆ ಒಂದು, ಆಮೇಲೆ ಧಾರಾಳಕ್ಕೆ ಅಂತ ನಾಲ್ಕು ಬೆರಳು ಹೆಚ್ಚು, ದಾರವನ್ನು ಟಪ್ ಅಂತ ಕಿತ್ತರು. ಇಷ್ಟು ಹೊತ್ತೂ ಅವರು ಹೂವನ್ನು ನೋಡಲೇ ಇಲ್ಲ. ಪಕ್ಕದ ಅಂಗಡಿಯವರ ಜೊತೆ ಮಾತಾಡುತ್ತಲೇ ಇದ್ದರು. ಅಳತೆ ಅವರ ಕೈಯಲ್ಲಿದೆ.

ನಾನು ಫೋಕಸ್ ಮಾಡುವುದೂ ಹಾಗೇ. ಹೂವನ್ನು ಮಾರಿನ ಲೆಕ್ಕದಲ್ಲೂ ಕೊಡುತ್ತಾರಲ್ಲ, ಎರಡೂ ತೋಳು ಚಾಚಿದರೆ ಒಂದು ಮಾರು. ನನ್ನ ಮಾರು ಸುಮಾರು 165 ಸೆಂಟಿಮೀಟರ್. 28 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು (ಅಂದರೆ ಕಿಂಡಿ ಕಿರಿದು ಮಾಡಿ), ದೂರದ ರಿಂಗನ್ನು 3.3 ಮೀಟರಿಗೆ ತಿರುಗಿಸಿದರೆ, ಸುಮಾರು 1.65 ಮೀಟರಿನಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರದವರೆಗೆ ಎಲ್ಲಾ ಫೋಕಸ್‌ನಲ್ಲಿ ಇರುತ್ತದೆ. ಅಂದರೆ ನನ್ನ ಎರಡು ಮಾರಿಗೆ ಲೆನ್ಸ್ ಇಟ್ಟರೆ, ಒಂದು ಮಾರಿನ ಆಚೆಗಿರುವುದೆಲ್ಲ ಸ್ಪಷ್ಟ! ಮೊದಲ ಸಲ ಕಾಗದದ ಮೇಲೆ ಈ ಲೆಕ್ಕ ಹಾಕಿದ ದಿನ ಮೈ ಜುಮ್ ಅಂದಿತ್ತು. ಲೆನ್ಸಿನ ಮೇಲೆ ಮೀಟರು, ಅಡಿ ಎರಡೂ ಕೆತ್ತಿರುತ್ತಾರೆ. ಅದರ ಪಕ್ಕದಲ್ಲೇ, ಯಾವ ಅಪರ್ಚರ್‌ಗೆ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಅಂತ ಸಣ್ಣ ಗೆರೆಗಳಿರುತ್ತವೆ. ಕ್ಯಾಮೆರಾ ಆಫ್ ಇದ್ದರೂ ಓದಬಹುದು. ಬಸ್ಸಿನಲ್ಲಿ ಕೂತು ಓದಬಹುದು. ನಡೆಯುತ್ತಾ ರಿಂಗನ್ನು ತಿರುಗಿಸಿ ಇಟ್ಟುಕೊಂಡರೆ ಎದುರಿಗೆ ಏನಾದರೂ ಕಂಡಾಗ ಬಟನ್ ಒತ್ತುವುದಷ್ಟೇ ಕೆಲಸ. ಯಾವ ಆಟೋಫೋಕಸ್ಸೂ ಇದಕ್ಕಿಂತ ಬೇಗ ಆಗುವುದಿಲ್ಲ, ಯಾಕಂದರೆ ಇಲ್ಲಿ ಫೋಕಸ್ ಮೊದಲೇ ಆಗಿಹೋಗಿದೆ.

ಈ ಗೆರೆಗಳನ್ನು ಬಹುತೇಕ ಹೊಸ ಆಟೋಫೋಕಸ್ ಲೆನ್ಸ್‌ಗಳಿಂದ ಅಳಿಸಿಹಾಕಿದ್ದಾರೆ. ಹೆಚ್ಚಿನವುಗಳಲ್ಲಿ ರಿಂಗ್ ಇರುತ್ತೆ, ಆದರೆ ಅದಕ್ಕೂ ಗಾಜಿಗೂ ನೇರ ಸಂಬಂಧವೇ ಇಲ್ಲ. ರಿಂಗ್ ತಿರುಗಿದ್ದನ್ನು ಲೆನ್ಸ್ ಒಳಗಿನ ಒಂದು ಪುಟ್ಟ ಸೆನ್ಸರ್ ನೋಡಿ ಮೋಟಾರಿಗೆ ಹೇಳುತ್ತದೆ, ಮೋಟಾರು ಗಾಜನ್ನು ತಳ್ಳುತ್ತದೆ. ಎಷ್ಟೋ ಲೆನ್ಸ್‌ಗಳಲ್ಲಿ ಬೇಗ ತಿರುಗಿಸಿದರೆ ಒಂದು ಲೆಕ್ಕ, ನಿಧಾನಕ್ಕೆ ತಿರುಗಿಸಿದರೆ ಇನ್ನೊಂದು ಲೆಕ್ಕ. ಎಷ್ಟೋ ಕ್ಯಾಮೆರಾಗಳಲ್ಲಿ ಆಫ್ ಮಾಡಿ ಆನ್ ಮಾಡಿದರೆ ಇಟ್ಟ ಜಾಗ ಹೋಯಿತು. ಕೈಗೆ ನೆನಪಿಡುವುದಕ್ಕೆ ಏನೂ ಸಿಗುವುದಿಲ್ಲ. ಆ ಅಮ್ಮನ ಮೊಳ ದಿನಕ್ಕೊಂದು ಉದ್ದ ಆದರೆ ಹೇಗೋ ಹಾಗೆ. ಮಾವನ ಸ್ಟುಡಿಯೋದ ಝೆನಿತ್ ಕ್ಯಾಮೆರಾದಲ್ಲಿ, ಹೀಲಿಯೋಸ್ ಲೆನ್ಸಿನಲ್ಲಿ ಕಲಿತವಳು ನಾನು. ಭಾರದ ಕ್ಯಾಮೆರಾ, ಒರಟು ಕ್ಯಾಮೆರಾ. ಆದರೆ ಅದರ ರಿಂಗ್ ಎಲ್ಲಿ ನಿಂತರೆ ಎಷ್ಟು ದೂರ ಅಂತ ನನ್ನ ಬೆರಳಿಗೆ ಇವತ್ತಿಗೂ ಗೊತ್ತು.

ಕತ್ತಲಲ್ಲಿ ಏನ್ ಮಾಡ್ತೀರಾ ಅಂತ ಕೇಳುತ್ತೀರಿ. ಕೇಳಿಯೇ ಕೇಳುತ್ತೀರಿ. ಹಿಂದೆ ಲೈಕಾಗೆ ಜೊತೆಯಾಗಿದ್ದ ಎಲ್ಮಾರ್ 50 ಎಂಎಂ ಲೆನ್ಸ್ ಎಫ್ 3.5. ಇವತ್ತಿನ ಲೆಕ್ಕದಲ್ಲಿ ತೀರಾ ನಿಧಾನದ, ಅಂದರೆ ಜಾಸ್ತಿ ಬೆಳಕು ಬೇಡುವ ಫಿಲ್ಮ್ ಹಾಕಿಕೊಂಡು ಅದರಲ್ಲೇ ಜನ ಬೀದಿ ಫೋಟೋ ತೆಗೆದರು. ಈಗ ಫುಲ್‌ಫ್ರೇಮ್ ಸೆನ್ಸರ್‌ನಲ್ಲಿ ಐಎಸ್ಓ (ಬೆಳಕು ಹಿಡಿಯುವ ಚುರುಕು) 6400 ಇಟ್ಟರೂ ಫೋಟೋ ಚೆನ್ನಾಗೇ ಬರುತ್ತೆ. ಐಎಸ್ಓ 100ಕ್ಕೆ ಹೋಲಿಸಿದರೆ ಅದು ಆರು ಸ್ಟಾಪ್ ಹೆಚ್ಚು, ಒಂದೊಂದು ಸ್ಟಾಪ್ ಅಂದರೆ ಎರಡು ಪಟ್ಟು. 1.2ಕ್ಕೂ 2.8ಕ್ಕೂ ಇರುವ ವ್ಯತ್ಯಾಸ ಎರಡೂವರೆ ಸ್ಟಾಪಿನ ಒಳಗೆ. ಬೆಳಕಿನ ಸಮಸ್ಯೆಯನ್ನು ಸೆನ್ಸರ್ ಬಗೆಹರಿಸಿದ ಮೇಲೂ ಲೆನ್ಸ್ ಯಾಕೆ ಊದುತ್ತಲೇ ಇದೆ?

ರಂಗನತಿಟ್ಟಿನಲ್ಲಿ ಹಕ್ಕಿ ತೆಗೆಯುವ ಗೆಳೆಯರಿಗೆ, ಮದುವೆ ತೆಗೆಯುವವರಿಗೆ ನಾನು ಏನೂ ಹೇಳುತ್ತಿಲ್ಲ. ಅವರಿಗೆ ಆಟೋಫೋಕಸ್ ಬೇಕು, ದೊಡ್ಡ ಲೆನ್ಸೂ ಬೇಕು. ಮೂಲೆಗಳ ವಿಷಯವೂ ಗೊತ್ತಿದೆ. ಫಿಲ್ಮಿಗೆಂದು ಮಾಡಿದ ಹಳೇ ವೈಡ್ ಲೆನ್ಸ್‌ಗಳನ್ನು ಮಿರರ್‌ಲೆಸ್‌ಗೆ ಹಾಕಿದರೆ, ಸೆನ್ಸರ್ ಮೇಲಿನ ದಪ್ಪ ಗಾಜಿನಿಂದಾಗಿ ಅಂಚು ಸವರಿದಂತೆ ಕಾಣುತ್ತೆ. ಹೊಸವುಗಳಲ್ಲಿ ಅದು ಕಡಿಮೆ. ಎಫ್ 8ರಲ್ಲಿ ನನಗೆ ತೊಂದರೆಯೇ ಆಗಿಲ್ಲ. ಮಾರ್ಕೆಟ್ಟಿನ ಫೋಟೋ ನೋಡುವಾಗ ಮೂಲೆಯನ್ನು ದೊಡ್ಡದು ಮಾಡಿ ನೋಡುವವರ ಜೊತೆ ನನಗೆ ವಾದ ಬೇಡ.

ಒಂದು ಮಾತು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನಾನೂ ಒಂದು 1.4 ಕೊಂಡಿದ್ದೆ. ಕಂತು ಕಟ್ಟಿ ತಗೊಂಡ ಆಟೋಫೋಕಸ್ ಲೆನ್ಸ್. ಅದನ್ನು ಹಾಕಿದರೆ ಕ್ಯಾಮೆರಾ ಹ್ಯಾಂಡ್‌ಬ್ಯಾಗಿಗೆ ಹಿಡಿಯುತ್ತಿರಲಿಲ್ಲ. ಹೊರಗೆ ತೆಗೆದರೆ ಅಪ್ಪ ತಕ್ಷಣ ಅಂಗಿ ಸರಿಮಾಡಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, ಸ್ಟುಡಿಯೋಗೆ ಬಂದವರ ಹಾಗೆ ನೆಟ್ಟಗೆ ಕೂರುತ್ತಿದ್ದರು. "ತೆಗಿಯಮ್ಮ" ಅನ್ನುತ್ತಿದ್ದರು. ಆ ಲೆನ್ಸಿನಲ್ಲಿ ಅಪ್ಪನ ಫೋಟೋ ಹನ್ನೊಂದು ಇವೆ. ಹನ್ನೊಂದರಲ್ಲೂ ನೆಟ್ಟಗೆ ಕೂತಿದ್ದಾರೆ, ಹಿಂದೆ ಮಬ್ಬು. ಅವರು ದಿನಾ ಕೂರುತ್ತಿದ್ದ ಜಗಲಿ ಇಲ್ಲ, ಪಕ್ಕದಲ್ಲಿರುತ್ತಿದ್ದ ರೇಡಿಯೋ ಇಲ್ಲ, ತುಳಸಿಕಟ್ಟೆ ಇಲ್ಲ. ಕೊನೆಯ ಎರಡು ವರ್ಷ ಕ್ಯಾಮೆರಾ ಬೀರುವಿನಲ್ಲೇ ಇತ್ತು. ಭಾರ ಅಂತ ನಾನೇ ಇಟ್ಟಿದ್ದೆ.

ಈಗ ಈ ಪುಟ್ಟ ಲೆನ್ಸ್ ಹಾಕಿದ ಕ್ಯಾಮೆರಾ ಅಡುಗೆಮನೆಯ ಕಟ್ಟೆ ಮೇಲೆ, ಉಪ್ಪಿನ ಜಾಡಿ ಪಕ್ಕ ಇರುತ್ತೆ. ಅಮ್ಮ ಹೂಬತ್ತಿ ಹೊಸೆಯುತ್ತಾ ಇರುತ್ತಾರೆ. ನಾನು ತೆಗೆದರೂ ಅವರ ಕೈ ನಿಲ್ಲುವುದಿಲ್ಲ, ತಲೆ ಎತ್ತುವುದೂ ಇಲ್ಲ. ಫೋಟೋದಲ್ಲಿ ಅಮ್ಮ ಇದ್ದಾರೆ, ಹತ್ತಿಯ ಉಂಡೆ ಇದೆ, ಹಾಲಿನಲ್ಲಿ ಅದ್ದಿದ ಬೆರಳಿದೆ, ಹಿಂದೆ ಗೋಡೆಯಲ್ಲಿ ಅಪ್ಪ ಹೊಡೆದ ಮೊಳೆಯೂ ಕಾಣುತ್ತೆ, ಆ ಮೊಳೆಗೆ ನೇತುಹಾಕಿದ ಕ್ಯಾಲೆಂಡರಿನ ತಾರೀಖೂ ಓದಬಹುದು.

2.8 ಅಷ್ಟೇನಾ ಅಂದನಲ್ಲ. ಹೌದಪ್ಪಾ, ಅಷ್ಟೇ. ನನಗೆ ಅಷ್ಟೇ ಬೇಕಾಗಿದ್ದದ್ದು.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಚಿಕ್ಕ ಗಡಿಯಾರದ ಹತ್ತಿರ ಇರುತ್ತೇನೆ. ಆ ಹುಡುಗರ ಪರಿಚಯ ಇರುವವರು ದಯವಿಟ್ಟು ತಿಳಿಸಿ. ಸೋನಿ ಇರುವವರಿಗೆ ಲೆನ್ಸೂ ಬಳೆಯೂ ನಾನೇ ಕೊಡುತ್ತೇನೆ, ಅರ್ಧ ಗಂಟೆ ಇಟ್ಟುಕೊಂಡು ತೆಗೀರಿ. ನಿಕಾನ್ ಝಡ್, ಫ್ಯೂಜಿ ಮಿರರ್‌ಲೆಸ್ ಇರುವವರು ತಮ್ಮ ಕ್ಯಾಮೆರಾಗೆ ಕೂರುವ ಲೈಕಾ ಎಂ ಅಡಾಪ್ಟರ್ ತಂದರೆ ಸಾಕು. ಬರುವ ಮೊದಲು ಮನೆಯಲ್ಲಿ ನಿಮ್ಮ ನಿಮ್ಮ ಮಾರು ಎಷ್ಟು ಅಂತ ಟೇಪ್ ಹಿಡಿದು ಅಳೆದುಕೊಂಡು ಬನ್ನಿ.