ನಾಯಿ ಹಿಡ್ಕೊಳ್ಳೋಕೆ ಮೂರು ವರ್ಷ ಓದ್ಬೇಕಾ?

ನಿನ್ನೆ ಇಲ್ಲಿ ಬ್ರಿಟನ್ನಿನಲ್ಲಿ ನಮ್ಮವರೊಬ್ಬರ ಮನೆ ಗೃಹಪ್ರವೇಶ. ಬಿಸಿಬೇಳೆಬಾತ್ ಚೆನ್ನಾಗಿತ್ತು. ಅದನ್ನ ಮೊದಲೇ ಹೇಳಿಬಿಡ್ತೀನಿ, ಮುಂದೆ ಒಳ್ಳೆ ಮಾತು ಬರೋ ಲಕ್ಷಣ ಕಾಣ್ತಿಲ್ಲ.

ಪಕ್ಕದಲ್ಲಿ ಕೂತಿದ್ದೋರು ಮಗಳು ಏನು ಓದ್ತಿದ್ದಾಳೆ ಅಂದ್ರು. ವೆಟರ್ನರಿ ನರ್ಸ್ ಅಪ್ರೆಂಟಿಸ್‌ಶಿಪ್, ಅಂದ್ರೆ ಪ್ರಾಣಿಗಳ ಆಸ್ಪತ್ರೇಲಿ ದುಡೀತಾನೇ ನರ್ಸ್ ಕೆಲಸ ಕಲಿಯೋದು ಅಂದೆ. "ಅಯ್ಯೋ, ಯೂನಿವರ್ಸಿಟಿ ಸೀಟು ಸಿಗ್ಲಿಲ್ವಾ?" ಆಮೇಲೆ ನನಗೆ ಸಮಾಧಾನ ಹೇಳೋ ಧಾಟಿಲಿ, "ಹೋಗ್ಲಿ ಬಿಡಿ, ನಾಯಿ ಹಿಡ್ಕೊಳ್ಳೋಕೆ ಯಾಕೆ ಮೂರು ವರ್ಷ ಓದ್ಬೇಕೋ!"

ಹೌದು, ನಾಯಿ ಹಿಡ್ಕೊಳ್ತಾಳೆ. ಹಿಡ್ಕೊಂಡು ಅದರ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕ್ತಾಳೆ. ಆಪರೇಷನ್ ಉದ್ದಕ್ಕೂ ತಲೆ ಹತ್ರ ನಿಂತು ಅರಿವಳಿಕೆ ಕಾಯ್ತಾಳೆ. ನಾಡಿ, ಉಸಿರು, ಒಸಡಿನ ಬಣ್ಣ, ದವಡೆ ಎಷ್ಟು ಸಡಿಲ ಆಗಿದೆ, ಕಣ್ಣುಗುಡ್ಡೆ ಕೆಳಗೆ ತಿರುಗಿದೆಯಾ, ಇಷ್ಟನ್ನೂ ಐದೈದು ನಿಮಿಷಕ್ಕೆ ಬರೀತಾಳೆ. ನಾಯಿಗೆ ಆಪರೇಷನ್‌ಗೆ ಮುಂಚೆ ಉಪವಾಸ, ಮೊಲಕ್ಕೆ ಮಾತ್ರ ಉಪವಾಸ ಇಲ್ಲ. ಅದಕ್ಕೆ ವಾಂತಿ ಮಾಡೋಕೆ ಬರಲ್ಲ, ಹೊಟ್ಟೆ ಖಾಲಿ ಬಿಟ್ರೆ ಕರುಳೇ ನಿಂತುಹೋಗಬಹುದು. ಬೆಕ್ಕಿಗೆ ನಮ್ಮ ಪ್ಯಾರಾಸಿಟಮಾಲ್ ವಿಷ, ಹೂದಾನಿಯ ಲಿಲ್ಲಿ ತಿಂದ್ರೆ ಕಿಡ್ನಿ ಹೋಗುತ್ತೆ. ಔಷಧಿ ಲೆಕ್ಕ ಎಲ್ಲ ಕೆಜಿಗೆ ಇಷ್ಟು ಮಿಲಿಗ್ರಾಂ, ಒಂದು ಸೊನ್ನೆ ತಪ್ಪಿದ್ರೆ ಮುಗೀತು. ಇದನ್ನೆಲ್ಲ ನಾಯಿ ಹಿಡ್ಕೊಂಡೇ ಕಲೀತಿದ್ದಾಳೆ ನೋಡಿ.

ಕ್ಲಿನಿಕ್‌ನಲ್ಲೇ 1,800 ಗಂಟೆ ಕೆಲಸ ಆಗಬೇಕು ಅಂತ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ (ಇಲ್ಲಿ ಪ್ರಾಣಿಗಳ ಡಾಕ್ಟರು-ನರ್ಸುಗಳ ಮೇಲೆ ನಿಗಾ ಇಡೋ ಸಂಸ್ಥೆ) ನಿಯಮ. ಕಲಿತ ಒಂದೊಂದು ಕೈಕೆಲಸಾನೂ ಲಾಗ್‌ನಲ್ಲಿ ದಾಖಲಾಗಿ, ಮೇಲ್ವಿಚಾರಕರು ಸರಿ ಅನ್ನಬೇಕು. ಜೊತೆಗೆ ಕಾಲೇಜು, ಅಸೈನ್‌ಮೆಂಟು, ಥಿಯರಿ ಪರೀಕ್ಷೆ, ಕೊನೆಗೆ ಪ್ರಾಕ್ಟಿಕಲ್. ಎಲ್ಲ ದಾಟಿದ ಮೇಲೇ ಆ ಸಂಸ್ಥೆಯ ನರ್ಸ್‌ಗಳ ರಿಜಿಸ್ಟರ್‌ನಲ್ಲಿ ಹೆಸರು. ಆಮೇಲೂ ವರ್ಷಕ್ಕೆ 15 ಗಂಟೆ ಹೊಸದು ಕಲೀತಾನೇ ಇರಬೇಕು. ಇದೆಲ್ಲ ಓದೇ ಅಲ್ಲ, ಯಾಕಂದ್ರೆ ತಿಂಗಳ ಕೊನೆಗೆ ಸಂಬಳ ಬರುತ್ತೆ! ವರ್ಷಕ್ಕೆ ಒಂಬತ್ತು ಸಾವಿರ ಚಿಲ್ಲರೆ ಪೌಂಡ್ ಯೂನಿವರ್ಸಿಟಿ ಫೀಸು ಸಾಲ ಮಾಡಿ ಕಟ್ಟಿದ್ರೆ ಮಾತ್ರ ಓದು.

ಸಂಬಳ ಕಮ್ಮಿ ಅಂತೀರಾ? ಕಮ್ಮೀನೇ. 2025ರ ಏಪ್ರಿಲ್‌ನಲ್ಲಿ ಅಪ್ರೆಂಟಿಸ್‌ಗೆ ಗಂಟೆಗೆ ಕನಿಷ್ಠ 7.55 ಪೌಂಡ್ ಅಂತ ನಿಗದಿ ಆಯ್ತು; 21 ತುಂಬಿದ ಮಾಮೂಲಿ ಕೆಲಸಗಾರರಿಗೆ 12.21. ಸೂಪರ್‌ಮಾರ್ಕೆಟ್‌ನಲ್ಲಿ ಡಬ್ಬ ಜೋಡಿಸಿದ್ರೆ ಜಾಸ್ತಿ ಸಿಗುತ್ತೆ, ಒಪ್ತೀನಿ. ಆದ್ರೆ ನಿನ್ನೆ ಆ ಮನುಷ್ಯರಿಗೆ ಸಂಬಳದ ಚಿಂತೆ ಇರಲಿಲ್ಲ, ಫೇಸ್‌ಬುಕ್‌ಗೆ ಹಾಕೋಕೆ ಗೌನು-ಟೋಪಿ ಫೋಟೋ ಇರಲ್ವಲ್ಲ ಅನ್ನೋದೇ ಚಿಂತೆ.

ನಮ್ಮವರನ್ನ ಮಾತ್ರ ಬೈದು ಏನು ಪ್ರಯೋಜನ, ಈ ದೇಶದ ಕಾನೂನಿಗೂ ಅಷ್ಟೇ ಗೌರವ. ಇಲ್ಲಿ 'ವೆಟರ್ನರಿ ಸರ್ಜನ್' ಅಂತ ಯಾರಂದ್ರೆ ಅವರು ಹೇಳ್ಕೊಂಡ್ರೆ ಅಪರಾಧ. 'ವೆಟರ್ನರಿ ನರ್ಸ್' ಅಂತ ಯಾರು ಬೇಕಾದ್ರೂ ಹೇಳ್ಕೋಬಹುದು, 1966ರ ಪಶುವೈದ್ಯರ ಕಾಯ್ದೆ ಆ ಹೆಸರನ್ನ ಕಾಪಾಡಲ್ಲ. ಅಂದ್ರೆ ನಾಳೆ ನಾನೂ ಬೋರ್ಡ್ ಹಾಕ್ಕೋಬಹುದು! 'ರಿಜಿಸ್ಟರ್ಡ್' ಅಂತ ಮುಂದೆ ಇದೆಯಾ ಅಂತ ನೋಡ್ಬೇಕಂತೆ. ನಾಯಿ ಕರ್ಕೊಂಡು ಓಡಿಬರೋರು ನೋಡ್ತಾರಾ ಅದನ್ನ?

ಇಷ್ಟು ಉರಿ ಯಾಕೆ ಅಂದ್ರೆ, ಹೇಳ್ತೀನಿ. ಪಿಯುಸಿ ಆದಾಗ ನನಗೆ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಸೇರೋ ಆಸೆ ಇತ್ತು. ಸೀಟು ಬರಲಿಲ್ಲ, ಬಿಕಾಂ ಆಯ್ತು. ಡಾಕ್ಟರ್ ಆಗದಿದ್ರೂ ಪ್ರಾಣಿಗಳ ಆಸ್ಪತ್ರೇಲಿ ದುಡೀತಾ ಕಲಿಯೋ ದಾರಿ ಒಂದಿರಬಹುದು ಅಂತ ನನಗೆ ಯಾರೂ ಹೇಳಲಿಲ್ಲ. ಸಂಜೆ ಮಗಳು ಹಸಿರು ಯೂನಿಫಾರ್ಮ್ ತುಂಬ ಕೂದಲು ಮೆತ್ಕೊಂಡು, ಪಾರ್ವೋ ಅನ್ನೋ ವೈರಸ್ ಕಾಯಿಲೆ ಬಂದ ನಾಯಿಮರಿ ಕೊನೆಗೂ ಊಟ ಮುಟ್ಟಿತು ಅಂತ ಕೂಗ್ತಾ ಒಳಗೆ ಬಂದ್ರೆ ನನಗೆ ಹೆಮ್ಮೆಗಿಂತ ಮೊದಲು ಹೊಟ್ಟೆಕಿಚ್ಚಾಗುತ್ತೆ. ಹೆತ್ತ ತಾಯಿಗೆ. ಆಡ್ಕೊಳ್ಳೋರು ಆಡ್ಕೊಳ್ಳಿ.

ಅಂದಹಾಗೆ, ನಿನ್ನೆಯ ಅದೇ ಮಹಾನುಭಾವರು ಈಗ ಬೆಳಗ್ಗೆ ಮೆಸೇಜ್ ಮಾಡಿದ್ದಾರೆ. ಅವರ ಬೆಕ್ಕು ಎರಡು ದಿನದಿಂದ ಏನೂ ತಿಂತಿಲ್ಲವಂತೆ, "ಮಗಳನ್ನ ಸ್ವಲ್ಪ ಕೇಳಿ ನೋಡಿ, ಏನಾಗಿರಬಹುದು?" ಸ್ವಾಮಿ, ರೋಗ ಏನು ಅಂತ ಹೇಳೋ ಅಧಿಕಾರ ಕಾನೂನಿನಲ್ಲಿ ಡಾಕ್ಟರ್‌ಗೆ ಮಾತ್ರ, ನನ್ನ ಮಗಳು ಅದನ್ನೂ ಓದಿದ್ದಾಳೆ. ಎರಡು ದಿನ ಊಟ ಬಿಟ್ಟ ಬೆಕ್ಕನ್ನ ಮನೇಲಿ ಇಟ್ಕೊಂಡು ಕೂರಬಾರದು ಅಂತಾನೂ ಓದಿದ್ದಾಳೆ. ಇವತ್ತೇ ಕರ್ಕೊಂಡು ಹೋಗಿ, ಫೀಸು ಕೊಡಿ. ಅಲ್ಲಿ ಬೆಕ್ಕನ್ನ ಹಿಡ್ಕೊಳ್ಳೋ ಹುಡುಗಿಗೆ ಒಂದು ಥ್ಯಾಂಕ್ಸ್ ಹೇಳಿ.