ಕೀ ಜೇಬಲ್ಲಿ, ಬೆಳಕು ಎದುರುಮನೆ ಮೇಲೆ

ನನ್ನ ಹಳೇ ಕಾರಿನ ಹೆಡ್‌ಲೈಟ್ ಹತ್ತಬೇಕಾದರೆ ಸ್ಟೇರಿಂಗಿನ ಬಲಗಡೆ ಇರುವ ಕಡ್ಡಿಯನ್ನು ತಿರುಗಿಸಬೇಕು, ಕೂದಲೆಳೆಯಷ್ಟು ಮೇಲಕ್ಕೆ ಎತ್ತಬೇಕು, ಆಮೇಲೆ ಎರಡು ಬೆರಳಲ್ಲಿ ಹಾಗೇ ಹಿಡಿದಿರಬೇಕು. ಬೆರಳು ಬಿಟ್ಟರೆ ಕತ್ತಲು. ಆರು ತಿಂಗಳು ಹೀಗೇ ಓಡಿಸಿದೆ. ಅದೇನು ಅಂಥ ದೊಡ್ಡ ತೊಂದರೆ ಅನ್ನಿಸಿರಲಿಲ್ಲ. ಹೆಂಡತಿ ಮಾತ್ರ ಒಮ್ಮೆ ಕೇಳಿದ್ದಳು, "ನೀವು ಕಾರು ಓಡಿಸ್ತೀರೋ, ಅದರ ನಾಡಿ ಹಿಡಿದು ನೋಡ್ತೀರೋ?"

ಹೊಸಪೇಟೆಯಲ್ಲಿ ಮದುವೆ ಮುಗಿಸಿಕೊಂಡು ರಾತ್ರಿ ಬಳ್ಳಾರಿಗೆ ವಾಪಸ್ ಬರುತ್ತಿದ್ದೆವು. ತೋರಣಗಲ್ಲು ದಾಟಿದ ಮೇಲೆ ಏನೋ ಸುಟ್ಟ ವಾಸನೆ. ಮುಂದೆ ಹೋಗುತ್ತಿದ್ದ ಅದಿರು ಲಾರಿಯ ಬ್ರೇಕು ಅಂದೆ ನಾನು. ಲಾರಿಯನ್ನು ಹಿಂದೆ ಹಾಕಿದೆವು. ವಾಸನೆ ನಮ್ಮ ಜೊತೆಗೇ ಬಂತು. ಕುಡಿತಿನಿ ಹತ್ತಿರ ಲೈಟು ಪಕ್ಕನೆ ಆರಿತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಡ್ಡಿಯನ್ನು ಎತ್ತಿದೆ, ಇಳಿಸಿದೆ, ಬೇಡಿಕೊಂಡೆ, ಬೈದೆ. ಡಿಮ್ ಸತ್ತಿತ್ತು. ಬ್ರೈಟ್ ಮಾತ್ರ ಬದುಕಿತ್ತು.

ಅಲ್ಲಿಂದ ಬಳ್ಳಾರಿವರೆಗೆ ಬ್ರೈಟಲ್ಲೇ ಬಂದೆ. ಎದುರಿಗೆ ಬಂದ ಪ್ರತಿಯೊಂದು ಲಾರಿಯೂ ಲೈಟು ಮಿಣುಕಿಸಿ ಬೈದು ಹೋಯಿತು. ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸಿದ. ನಮ್ಮೂರು ಹತ್ತಿರ ಬಂತು ಅಂತ ಅದರಿಂದಲೇ ಗೊತ್ತಾಯಿತು.

ಮರುದಿನ ಕೌಲ್ ಬಜಾರಿನ ಎಲೆಕ್ಟ್ರಿಷಿಯನ್ ಭಾಯ್ ಹತ್ತಿರ ಹೋದೆ. ಅವರು ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿ ಸ್ವಿಚ್ಚನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಒಂದು ಕಡೆ ಪ್ಲಾಸ್ಟಿಕ್ಕು ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿತ್ತು. ಒಳಗಿನ ತಾಮ್ರದ ಚುಕ್ಕಿ ತೊಗರಿಬೇಳೆಯಷ್ಟೂ ಇಲ್ಲ, ಅದೂ ಕರ್ರಗೆ.

"ಬಲ್ಬ್ ಯಾವುದು ಹಾಕೀರಿ?"

ಇಲ್ಲಿ ನನ್ನ ಅಪರಾಧವನ್ನು ಒಪ್ಪಿಕೊಳ್ಳಬೇಕು. ಬೆಳಕು ಹಳದಿಯಾಗಿದೆ ಅಂತ ಹೋದ ವರ್ಷ 60/55 ವ್ಯಾಟಿನ (ಬ್ರೈಟಿಗೆ 60, ಡಿಮ್ಮಿಗೆ 55) ಬಲ್ಬ್ ತೆಗೆದು 100/90 ವ್ಯಾಟಿನದು ಹಾಕಿಸಿದ್ದೆ. ಭಾಯ್ ಬಾಯಲ್ಲೇ ಲೆಕ್ಕ ಹಾಕಿದರು. ಮೊದಲಿನ ಡಿಮ್ಮಿಗೆ ಎರಡು ಬಲ್ಬ್ ಸೇರಿ 110 ವ್ಯಾಟ್, 12 ವೋಲ್ಟಿಗೆ ಒಂಬತ್ತು ಆಂಪಿಯರ್ ಚಿಲ್ಲರೆ. ಈಗಿನದಕ್ಕೆ 180 ವ್ಯಾಟ್, ಅಂದರೆ ಹದಿನೈದು ಆಂಪಿಯರ್. ಅಷ್ಟೂ ಈ ಬೇಳೆಯೊಳಗಿಂದಲೇ ಹಾಯಬೇಕು. ಮೀಟರ್ ಹಚ್ಚಿ ನೋಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಬ್ರೈಟ್ ಹಾಕಿದಾಗ ಬಲ್ಬಿನ ಹತ್ತಿರ 10.2. ವೋಲ್ಟೇಜು ಐದರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತಿರ ಹತ್ತಿರ ಅರ್ಧಕ್ಕೆ ಬೀಳುತ್ತದಂತೆ. ಅಂದರೆ ದೊಡ್ಡ ಬಲ್ಬ್ ಹಾಕಿ ನಾನು ಜಾಸ್ತಿ ಮಾಡಿದ್ದು ಸ್ವಿಚ್ಚಿನ ಬಿಸಿಯನ್ನೇ.

"ಹೊಸ ಸ್ವಿಚ್ ಹಾಕಿದ್ರೂ ಮತ್ತ ಸುಡ್ತೈತ್ರಿ. ರಿಲೇ ಹಾಕ್ಬೇಕು" ಅಂದರು ಭಾಯ್. ನನ್ನ ಮುಖ ನೋಡಿ ಮುಂದುವರಿಸಿದರು. "ತುಂಗಭದ್ರಾ ಡ್ಯಾಮಿಗೆ 33 ಗೇಟ್ ಅದಾವಲ್ರಿ. ಗೇಟ್ ಎತ್ತಾವ ಬಟನ್ ಒತ್ತತಾನ, ನೀರು ತನ್ನ ಪಾಡಿಗೆ ತಾನು ಹೊಕ್ಕೈತಿ. ನೀರನ್ನ ಅವನೇನು ಬಗಲಾಗ ಹೊತ್ತುಕೊಂಡು ಹೊಕ್ಕಾನೇನು? ನಿಮ್ಮ ಸ್ವಿಚ್ ಇಷ್ಟು ದಿನ ನೀರು ಹೊತ್ತೈತಿ."

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಪುಟ್ಟ ಡಬ್ಬಿ. ಅದರ ವಿಚಾರ ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಆಮೇಲೆ ಅವರು ಮಿರ್ಚಿ ಕಟ್ಟಿಸಿಕೊಂಡು ಬಂದ ಪೇಪರಿನ ಅಂಚಲ್ಲಿ ಚಿತ್ರ ಬರೆದುಕೊಟ್ಟರು. ರಿಲೇಯ 30ನೇ ನಂಬರಿನ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು. 87ರಿಂದ ಬಲ್ಬಿಗೆ. 85 ಕಾರಿನ ಲೋಹದ ಮೈಗೆ, ಅಂದರೆ ಅರ್ಥಿಂಗು. 86ಕ್ಕೆ ಸ್ವಿಚ್ಚಿನ ವೈರು. ಸ್ವಿಚ್ಚು ಒಳಗಿನ ಕಾಯಿಲಿಗೆ ಒಂದಿಷ್ಟೇ ಕರೆಂಟು ಕೊಟ್ಟರೆ ಸಾಕು. ಕಾಯಿಲು ಅಯಸ್ಕಾಂತವಾಗಿ ಒಳಗಿನ ಲೋಹದ ಪಟ್ಟಿಯನ್ನು ಎಳೆಯುತ್ತದೆ, 30 ಮತ್ತು 87 ಕೂಡುತ್ತವೆ. ಡಿಮ್ಮಿಗೊಂದು ರಿಲೇ, ಬ್ರೈಟಿಗೊಂದು.

"ಸ್ವಿಚ್ ಇವತ್ತೇ ಬದಲಿ ಮಾಡ್ತೀನಿ. ರಿಲೇಗೆ ಮಂಗಳವಾರ ಬರ್ರಿ" ಅಂದರು. ಮಂಗಳವಾರದವರೆಗೆ ಯಾಕೆ ಕಾಯಬೇಕು? ಚಿತ್ರ ಕೈಯಲ್ಲೇ ಇದೆ, ನಾಳೆ ಭಾನುವಾರ. ಬಿ.ಕಾಂ. ಓದಿದ್ದೇನೆ. ಡೆಬಿಟ್ಟು ಕ್ರೆಡಿಟ್ಟು ಕೂಡಿಸಿದವನಿಗೆ ಪ್ಲಸ್ಸು ಮೈನಸ್ಸು ಯಾವ ಲೆಕ್ಕ?

ಅಂಗಡಿಯಲ್ಲಿ ನಾಲ್ಕು ಪಿನ್ನಿನ ರಿಲೇ ಖಾಲಿಯಾಗಿತ್ತು. "ಐದರದು ಒಯ್ರಿ, ಒಂದು ಜಾಸ್ತೀನ ಬರ್ತೈತಿ" ಅಂದ ಹುಡುಗ. ಕೊತ್ತಂಬರಿ ಜೊತೆ ಕರಿಬೇವು ಸುಮ್ನೆ ಸಿಕ್ಕಿದಷ್ಟು ಖುಷಿಯಾಯಿತು.

ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬಾನೆಟ್ ಎತ್ತುವುದು ಅಂದರೆ ಒಲೆಯ ಮುಚ್ಚಳ ತೆಗೆದ ಹಾಗೆ. ಸ್ಪ್ಯಾನರನ್ನು ಬಟ್ಟೆಯಲ್ಲಿ ಹಿಡಿದುಕೊಂಡೆ. ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು ಅಂತ ಭಾಯ್ ಹೇಳಿದ್ದರು. ಅದು ನೆನಪಾದದ್ದು ಪ್ಲಸ್ಸಿನ ಮೇಲಿದ್ದ ಸ್ಪ್ಯಾನರು ಕಾರಿನ ಮೈಗೆ ತಾಗಿ ಫಟ್ ಅಂತ ಕಿಡಿ ಹಾರಿದ ಮೇಲೆ. ಸ್ಪ್ಯಾನರಿನ ಮೂತಿಗೆ ಈಗಲೂ ಒಂದು ಕಚ್ಚಿದ ಗುರುತಿದೆ.

ಡಿಮ್ಮಿನ ರಿಲೇ ಮೊದಲು. ಐದು ಪಿನ್ನಿನಲ್ಲಿ ಹೊರಗಿನವು 30, 85, 86, 87. ನಡುವಿನದು 87ಎ. ನಮ್ಮ ಓಣಿಯಲ್ಲಿ 87, 87ಎ ಅಂದರೆ ಅಣ್ಣತಮ್ಮಂದಿರ ಮನೆ, ಒಂದೇ ಅಂಗಳ. ಬಲ್ಬಿನ ವೈರು ನಡುವಿನದಕ್ಕೆ ಸಲೀಸಾಗಿ ಮುಟ್ಟುತ್ತಿತ್ತು, ಅಲ್ಲಿಗೇ ಸಿಕ್ಕಿಸಿದೆ. ಬ್ಯಾಟರಿಯ ಮೈನಸ್ ವಾಪಸ್ ಕೂಡಿಸಿ ಕೊನೆಗೆ ಫ್ಯೂಸ್ ಒತ್ತಿದೆ.

ಲೈಟು ಹತ್ತಿತು! ಎಂಥ ಬೆಳಕು! ಕುಣಿಯುವುದೊಂದು ಬಾಕಿ. ಆಮೇಲೆ ಜೇಬು ಮುಟ್ಟಿ ನೋಡಿಕೊಂಡೆ. ಕೀ ಅಲ್ಲೇ ಇತ್ತು. ಕಾರಿನೊಳಗೆ ಹೋಗಿ ನೋಡಿದೆ. ಸ್ವಿಚ್ಚೂ ಆಫ್.

ಎದುರುಮನೆಯ ಕಟ್ಟೆ ಮೇಲೆ ಕೂತಿದ್ದ ಹಿರಿಯರು ಪೇಪರನ್ನು ಕಣ್ಣಿಗೆ ಅಡ್ಡ ಹಿಡಿದು ಕೂಗಿದರು, "ಬಿಸಿಲು ಸಾಲದಾತೇನ್ರಿ? ಆರಿಸ್ರಿ ಅದನ್ನ!" ಗಾಬರಿಯಲ್ಲಿ ಸ್ವಿಚ್ ಆನ್ ಮಾಡಿದೆ. ಟಕ್ ಅಂತು, ಲೈಟು ಆರಿತು. ಆಫ್ ಮಾಡಿದೆ, ಹತ್ತಿತು. 87 ಮತ್ತು 87ಎ ಮನೆಗಳ ನಡುವೆ ಗೋಡೆ ಎದ್ದು ಬಹಳ ದಿನ ಆಗಿತ್ತು ಅಂತ ಆಗ ತಿಳಿಯಿತು. ಅಣ್ಣ ಹೂಂ ಅಂದರೆ ತಮ್ಮ ಊಹೂಂ. ಕಾಯಿಲಿಗೆ ಕರೆಂಟು ಬಂದಾಗ 87 ಕೂಡುತ್ತದೆ, ಹೋದಾಗ 87ಎ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ಹಾಗೇ ಬಿಡ್ರಿ. ಮಾರ್ಕೆಟ್ಟಿಗೆ ಹೋಗ್ತೀನಿ ಅಂದ ದಿನ ನೀವೂ ಹೋಗಲ್ಲ, ಅಲ್ವಾ?"

ಬಿಡೋಣ ಅಂದರೆ ಇನ್ನೊಂದು ತಾಪತ್ರಯ. ಹೆಡ್‌ಲೈಟ್ ಆರಿಸಲು ಸ್ವಿಚ್ ಆನ್ ಇಟ್ಟರೆ ಪಾರ್ಕಿಂಗ್ ಲೈಟು, ಹಿಂದಿನ ಕೆಂಪು ಲೈಟು, ಮೀಟರಿನ ದೀಪ ಎಲ್ಲಾ ಉರಿಯುತ್ತವೆ. ಬೆಳಗಾಗುವುದರೊಳಗೆ ಬ್ಯಾಟರಿ ಮಲಗುತ್ತದೆ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಭಾಯ್‌ಗೆ ಫೋನ್ ಹಚ್ಚಿದೆ. ಅವರು ನಗು ಮುಗಿಸಲು ತುಂಬಾ ಹೊತ್ತು ತಗೊಂಡರು. ಮಂಗಳವಾರವೇ ಹೋದೆ. ವೈರು ನಡುವಿನಿಂದ ಹೊರಗಿನ ಪಿನ್ನಿಗೆ ಬಂತು, ಬ್ರೈಟಿಗೂ ರಿಲೇ ಕೂತಿತು, 60/55ರ ಬಲ್ಬುಗಳು ಮರಳಿದವು. ಈಗ ಮೀಟರ್ ಹಚ್ಚಿದರೆ ಬಲ್ಬಿನ ಹತ್ತಿರ ಬ್ಯಾಟರಿಗಿಂತ ಅರ್ಧ ವೋಲ್ಟೂ ಕಡಿಮೆ ಇಲ್ಲ. ಚಿಕ್ಕ ಬಲ್ಬ್, ಜಾಸ್ತಿ ಬೆಳಕು. ಸಿಟ್ಟು ಬರುವ ಮಾತು, ಆದರೂ ನಿಜ.

ಹೋದ ವಾರ ಮತ್ತೆ ಹೊಸಪೇಟೆಯಿಂದ ರಾತ್ರಿ ಬಂದೆವು. ಕುಡಿತಿನಿ ದಾಟಿತು, ಯಾರೂ ಬೈಯಲಿಲ್ಲ. ಬಳ್ಳಾರಿ ಹತ್ತಿರ ಬಂದಾಗ ಹೆಂಡತಿ ನನ್ನ ಬಲಗೈ ಕಡೆ ನೋಡಿದಳು. ಎರಡು ಬೆರಳು ಆ ಕಡ್ಡಿಯನ್ನು ಇನ್ನೂ ಹಿಡಿದೇ ಇದ್ದವು.

"ನಾಡಿ ಸರಿಯಾಗಿದೆ. ಬಿಡ್ರಿ ಇನ್ನ" ಅಂದಳು.