ಮೈನರ್ ಮತ್ತು ಅದರ ಹಿತೈಷಿಗಳು

ಮಲೆನಾಡಿನಲ್ಲಿ ಹಳೆಯ ಕಾರೊಂದನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಲು ಹೊರಟವನಿಗೆ ಎದುರಾಳಿಗಳು ಎರಡೇ: ಒಂದು ಮಳೆ, ಇನ್ನೊಂದು ಹಿತೈಷಿಗಳು. ಮಳೆಯ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಅದು ಜೂನ್ ತಿಂಗಳಲ್ಲಿ ಹೇಳಿಯೇ ಬರುತ್ತದೆ, ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ದೀಪಾವಳಿಯ ಹೊತ್ತಿಗೆ ಮರ್ಯಾದೆಯಿಂದ ಹೊರಟುಹೋಗುತ್ತದೆ. ಹಿತೈಷಿಗಳಿಗೆ ಹಾಗೆ ಋತುಮಾನವಿಲ್ಲ. ಅವರು ಬೇಸಿಗೆಯಲ್ಲಿ ಮಜ್ಜಿಗೆ ಕುಡಿಯುತ್ತ, ಮಳೆಗಾಲದಲ್ಲಿ ಕಾಫಿ ಕುಡಿಯುತ್ತ, ಶೆಡ್ಡಿನ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: "ಇದನ್ನು ಹೊಸದು ಮಾಡಿಸುವುದು ಯಾವಾಗ?"

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಅಡಿಕೆ ಅಂಗಳದ ಪಕ್ಕದಲ್ಲಿರುವುದು 1951ರ ಮೋರಿಸ್ ಮೈನರ್. ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸ್ ಇದನ್ನೇ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾರಿತು. 918 ಸಿಸಿಯ ಸೈಡ್ ವಾಲ್ವ್ ಎಂಜಿನ್, ಸುಮಾರು 27 ಅಶ್ವಶಕ್ತಿ, ಎರಡು ಹೋಳಾಗಿರುವ ಮುಂಗಾಜು. ಇಂದು ಕಾಲೇಜು ಹುಡುಗರು ಓಡಿಸುವ ಕೆಲವು ಬೈಕುಗಳಿಗೇ ಇದಕ್ಕಿಂತ ಹೆಚ್ಚು ಶಕ್ತಿಯಿದೆ ಎಂಬುದನ್ನು ಆ ಹುಡುಗರೇ ನನಗೆ ಆಗಾಗ ನೆನಪಿಸುತ್ತಾರೆ. ಅಜ್ಜನ ಕಾಲದಿಂದ ಇದರ ಮೈಮೇಲಿರುವುದು ಕಾರ್ಖಾನೆಯಲ್ಲಿ ಹೊಡೆದ ಅದೇ ಕಪ್ಪು ಬಣ್ಣ. ಅದು ಅಲ್ಲಲ್ಲಿ ಸವೆದು ಒಳಗಿನ ಪ್ರೈಮರ್ ಇಣುಕುತ್ತದೆ; ಸೀಟಿನ ಚರ್ಮದಲ್ಲಿ ಅಜ್ಜನ ಭಾರಕ್ಕೆ ತಗ್ಗಿದ ಗುಳಿ ಹಾಗೆಯೇ ಇದೆ. ನನ್ನ ಸಂಕಲ್ಪ ಇವನ್ನೆಲ್ಲ ಅಳಿಸದೆ ಕಾರನ್ನು ಓಡುವ ಸ್ಥಿತಿಯಲ್ಲಿ ಇಡುವುದಷ್ಟೇ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಿಂದ ಇದೆ. ಅದರ ಟುರಿನ್ ಸನ್ನದು ಎಂಬ ಮಾರ್ಗಸೂಚಿ ಕೂಡ ಇದ್ದುದನ್ನು ಕಾಪಾಡುವ ಕೆಲಸವನ್ನೂ ಕೆಟ್ಟುದನ್ನು ಮರುರೂಪಿಸುವ ಕೆಲಸವನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಸಬಹುದು, ಆದರೆ ಕೆರೆದು ತೆಗೆದ ಹಳೆಯ ಬಣ್ಣವನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು ಎಂದು ನಾನು ವಿವರಿಸಿದಾಗಲೆಲ್ಲ, ಕೇಳುವವರು ತಲೆದೂಗಿ, "ಹಾಗಾದರೆ ಕೆಂಪು ಹೊಡೆಸಿ, ಚೆನ್ನಾಗಿ ಕಾಣುತ್ತದೆ" ಎನ್ನುತ್ತಾರೆ.

ಮಳೆಗಾಲದಲ್ಲಿ ಕಾರಿಗೆ ಬೇಕಾಗಿರುವುದು ಹೊದಿಕೆಯಲ್ಲ, ಗಾಳಿ. ಬಾಗಿಲುಗಳ ತಳದಲ್ಲಿರುವ ಸಣ್ಣ ತೂತುಗಳಲ್ಲಿ ದರಕು ಮತ್ತು ಕೆಸರು ಕಟ್ಟಿಕೊಂಡರೆ ಒಳಗೆ ನಿಂತ ನೀರು ಸದ್ದಿಲ್ಲದೆ ತಗಡನ್ನು ತಿನ್ನುತ್ತದೆ. ಆದ್ದರಿಂದ ಮಳೆ ಹಿಡಿಯುವ ಮೊದಲೇ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ಟೊಳ್ಳು ಭಾಗಗಳಿಗೆ ಮೇಣ ಹಾಯಿಸಿ, ಕಿಟಕಿಗಳನ್ನು ಬೆರಳಗಲ ತೆರೆದಿಡಬೇಕು. ಹೀಗೆ ಎಲ್ಲವನ್ನೂ ಮಾಡಿಟ್ಟು ನಾನು ಬೆಂಗಳೂರಿಗೆ ಹೋದ ಒಂದು ಆಷಾಢದಲ್ಲಿ, ಕಾರಿನ ಕಿಟಕಿ ತೆರೆದಿರುವುದನ್ನು ಕಂಡು ಮರುಗಿದ ಪಕ್ಕದ ತೋಟದವರು ಅದನ್ನು ಮುಚ್ಚಿ, ಅಡಿಕೆಗೆ ಹೊದಿಸುವ ನೀಲಿ ಟಾರ್ಪಾಲನ್ನು ಇಡೀ ಕಾರಿಗೆ ಹೊದಿಸಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಹೋದರು. ಪ್ಲಾಸ್ಟಿಕ್ಕಿನೊಳಗೆ ಬೆವರಿದ ಕಾರಿನಲ್ಲಿ ನಾನು ಮರಳಿ ಬರುವಷ್ಟರಲ್ಲಿ ಅಜ್ಜನ ಗುಳಿಯ ತುಂಬ ಬಿಳಿಯ ಬೂಷ್ಟು ಸೊಂಪಾಗಿ ಬೆಳೆದಿತ್ತು. ಅವರಿಗೆ ಕೃತಜ್ಞತೆ ಹೇಳದೆ ವಿಧಿಯಿರಲಿಲ್ಲ; ಟಾರ್ಪಾಲು ಅವರದು, ಮತ್ತು ಅದು ಹೊಸದಾಗಿತ್ತು.

ಅದೇ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವೂ ಬಂತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಅಡಿಕೆ ಬೆಳೆಗಾರರ ಮನೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಅಂಗಳದಲ್ಲಿ ಪಂಪ್ ಚಾಲೂ ಆದ ಕೂಡಲೇ ಪೈಪಿನ ಜೋಡಣೆ ಕಳಚಿ, ತೋಟಕ್ಕೆ ಹೋಗಬೇಕಾದ ದ್ರಾವಣದಲ್ಲಿ ದೊಡ್ಡ ಪಾಲು ಮೈನರಿನ ಎಡಬದಿಗೆ ಸಂದಿತು. ತಾಮ್ರದ ಈ ಲವಣ ಉಕ್ಕಿಗೆ ಒಳ್ಳೆಯದಲ್ಲವೆಂದು ಬಕೆಟ್ಟು ಬಕೆಟ್ಟು ನೀರು ಹೊಯ್ದೆವಾದರೂ, ಮಡ್‌ಗಾರ್ಡಿನ ಅಂಚಿನಲ್ಲಿ ತಿಳಿನೀಲಿಯ ಕಲೆಯೊಂದು ಉಳಿದೇ ಹೋಯಿತು. ಮುಂದೆ ಶೆಡ್ಡಿಗೆ ಬಂದ ಹಳೆ ಕಾರುಗಳ ಉತ್ಸಾಹಿಯೊಬ್ಬರು ಆ ಕಲೆಯ ಮುಂದೆ ಬಹಳ ಹೊತ್ತು ನಿಂತು, ಕಾಲವೊಂದೇ ಕೊಡಬಲ್ಲ ಇಂಥ ಛಾಯೆಯನ್ನು ಎಲ್ಲಿಯೂ ನೋಡಿಲ್ಲವೆಂದು ಫೋಟೋ ತೆಗೆದುಕೊಂಡರು. ನಾನು ಮೈಲುತುತ್ತದ ಮಾತು ಎತ್ತಲಿಲ್ಲ.

ಬ್ರೇಕಿನ ಕೆಲಸಕ್ಕೆಂದು ಕಾರನ್ನು ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಬಿಟ್ಟಾಗ ಅಪಾಯ ಬೇರೆಯೇ ರೂಪದಲ್ಲಿ ಬಂತು. ಮೈನರ್ ತಯಾರಾಗುವ ಹೊತ್ತಿನಲ್ಲಿ, ಮಾದರಿ ಕಾರು ಸೊರಗಿದಂತೆ ಕಾಣುತ್ತದೆಂದು ಇಸ್ಸಿಗೋನಿಸ್ ಅದನ್ನು ಉದ್ದಕ್ಕೆ ಸೀಳಿಸಿ, ನಡುವೆ ಜಾಗ ಬಿಟ್ಟು ನೋಡಿ, ಕೊನೆಗೆ 4 ಅಂಗುಲ ಅಗಲ ಮಾಡಿಸಿದರು. ಆ ನಿರ್ಧಾರದ ಗುರುತು ಇಂದಿಗೂ ಬಾನೆಟ್ಟಿನ ನಟ್ಟನಡುವೆ ಚಪ್ಪಟೆಯಾದ ಪಟ್ಟಿಯಾಗಿ ಉಳಿದಿದೆ. ಗ್ಯಾರೇಜಿನ ಡೆಂಟಿಂಗ್ ಕೆಲಸದವರು ನಿಜವಾದ ಕಸುಬುದಾರರು. ಅವರ ಕೈಯಲ್ಲಿ ಎಂಥ ನೆಗ್ಗಿದ ತಗಡೂ ಹಪ್ಪಳದ ಹಿಟ್ಟಿನಂತೆ ಸಮನಾಗುತ್ತದೆ. ಅವರು ಬಾನೆಟ್ಟನ್ನು ಅಂಗೈಯಿಂದ ಸವರಿ, "ಯಾರೋ ಹಿಂದೆ ಅಪಘಾತ ಮಾಡಿ ನಡುವೆ ಪಟ್ಟಿ ಸೇರಿಸಿದ್ದಾರೆ, ನಿಮಗೆ ಮೋಸವಾಗಿದೆ, ನಾನು ದುಡ್ಡು ತೆಗೆದುಕೊಳ್ಳದೆ ಸರಿಮಾಡುತ್ತೇನೆ" ಎಂದು ಸುತ್ತಿಗೆ ಎತ್ತಿಕೊಂಡರು. ನಾನು ಬಾನೆಟ್ಟಿಗೆ ಅಡ್ಡ ನಿಂತು ಇಸ್ಸಿಗೋನಿಸ್ ಕಥೆಯನ್ನು ಪೂರ್ತಿ ಹೇಳಬೇಕಾಯಿತು. ಅವರು ಶ್ರದ್ಧೆಯಿಂದ ಕೇಳಿ, "ಅವರು ಆಗಲೇ ನಮ್ಮ ಹತ್ತಿರ ಬಂದಿದ್ದರೆ ಜೋಡಣೆ ಕಾಣದಂತೆ ಮಾಡಿಕೊಡುತ್ತಿದ್ದೆವು" ಎಂದರು. ಆ ಮಾತಿನಲ್ಲಿ ಅಹಂಕಾರವಿರಲಿಲ್ಲ, ಮತ್ತು ಬಹುಶಃ ಅದು ನಿಜವೂ ಹೌದು.

ಸುತ್ತಿಗೆಯನ್ನು ತಡೆದ ಸಂಭ್ರಮದಲ್ಲಿ ನಾನು ಊಟಕ್ಕೆ ಹೋಗಿದ್ದಾಗ ಎಲೆಕ್ಟ್ರಿಷಿಯನ್ ಹುಡುಗ ಬಂದ. ಈ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಸೇರಿಸುವುದು ಪದ್ಧತಿ. ಈಗಿನ ಕಾರುಗಳಲ್ಲಿ ಅದು ತಿರುಗುಮುರುಗು. ಮೈಗೆ ಪಾಸಿಟಿವ್ ಕೊಟ್ಟಿರುವುದನ್ನು ಕಂಡು ಹೌಹಾರಿದ ಹುಡುಗ, ದೊಡ್ಡ ಅನಾಹುತವೊಂದನ್ನು ತಪ್ಪಿಸುವ ಸದುದ್ದೇಶದಿಂದ ಎರಡು ತಂತಿಗಳನ್ನೂ ಅದಲುಬದಲು ಮಾಡಿದ. ಎಂಜಿನ್ ಚಾಲೂ ಆಗಿ, ಬ್ಯಾಟರಿಗೆ ವಿದ್ಯುತ್ ತುಂಬುವ, ಹಳೆಯ ಅಭ್ಯಾಸದಲ್ಲಿಯೇ ಇದ್ದ ಡೈನಮೋ ಹೊಸ ವ್ಯವಸ್ಥೆಯ ಬ್ಯಾಟರಿಯೊಡನೆ ಜಗಳಕ್ಕಿಳಿದು, ಇವೆರಡರ ಸಂಪರ್ಕವನ್ನು ಜೋಡಿಸಿ ಬಿಡಿಸುವ ಕಟ್‌ಔಟ್ ಪೆಟ್ಟಿಗೆ ನಡುವೆ ಸಿಕ್ಕಿಕೊಂಡು, ಅದರಿಂದ ಹೊಗೆ ಎದ್ದಿತು. ನಾನು ಬಂದಾಗ ಹುಡುಗ ಸಮಾಧಾನದಿಂದಲೇ ಹೇಳಿದ: "ನೋಡಿ ಸರ್, ಹಳೆಯ ವೈರಿಂಗ್ ಎಷ್ಟು ಕೆಟ್ಟಿದೆ. ಪೂರ್ತಿ ಹೊಸದು ಹಾಕಿಬಿಡೋಣ."

ದುರಸ್ತಿಯಾದ ಕಾರನ್ನು ಶಿವಮೊಗ್ಗದ ಪೇಟೆಯಲ್ಲಿ ಓಡಿಸುವುದು ಇನ್ನೊಂದು ಅಧ್ಯಾಯ. ಮೈನರಿಗೆ ಮಿನುಗುವ ಇಂಡಿಕೇಟರುಗಳಿಲ್ಲ. ಬಾಗಿಲ ಹಿಂದಿನ ಕಂಬದೊಳಗೆ ಮಡಚಿ ಮಲಗಿರುವ ಗೇಣುದ್ದದ ಕೈಯೊಂದು, ಸ್ವಿಚ್ ತಿರುಗಿಸಿದಾಗ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತದ ಸೆಳೆತಕ್ಕೆ ಟಕ್ಕನೆ ಹೊರಚಾಚಿ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಗೋಪಿ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಲು ನಾನು ಕೈ ಚಾಚಿಸಿದ ಕೂಡಲೇ ಪಕ್ಕದ ಸ್ಕೂಟರಿನವರು, "ನಿಮ್ಮ ಗಾಡಿಯದು ಏನೋ ಕಳಚಿಕೊಂಡಿದೆ" ಎಂದು ಮೃದುವಾಗಿ ಅದನ್ನು ಒಳಕ್ಕೆ ಒತ್ತಿದರು. ಸ್ವಿಚ್ ಇನ್ನೂ ಹಾಕಿಯೇ ಇದ್ದುದರಿಂದ ಅದು ಮತ್ತೆ ಹೊರಬಂತು. ಅವರು ಮತ್ತೆ ಒತ್ತಿದರು. ಸಿಗ್ನಲ್ ಹಸಿರಾಗುವ ತನಕ ಅವರೂ ಸೊಲೆನಾಯ್ಡೂ ಸೋಲೊಪ್ಪಲಿಲ್ಲ. ಇದನ್ನು ಕಂಡು ಬಂದ ಸಂಚಾರ ಪೊಲೀಸರು ಇಂಡಿಕೇಟರ್ ಎಲ್ಲಿ ಎಂದು ವಿಚಾರಿಸಿದರು. ನಾನು ಬಲಗೈ ತೋರಿಸಿದೆ. ಅವರ ಮುಖ ಅರಳಿತು. ಎಡಗೈಯನ್ನೂ ನೋಡಬೇಕೆಂದರು, ಆಮೇಲೆ ಇನ್ನೊಮ್ಮೆ ಬಲಗೈ. ನೆಹರೂ ರಸ್ತೆಯ ಉದ್ದಕ್ಕೂ ಹಾರನ್‌ಗಳು ಮೊಳಗುತ್ತಿರಲು, ಅಂದು ಆ ಸರ್ಕಲ್ಲಿನಲ್ಲಿ ಅತ್ಯಂತ ನೆಮ್ಮದಿಯಿಂದ ಇದ್ದವರು ಅವರೊಬ್ಬರೇ.

ಊರಿಗೆ ಮರಳುವಾಗ ನಮ್ಮ ನಿವೃತ್ತ ಮೇಷ್ಟ್ರು ಜೊತೆಗಿದ್ದರು. ಮಂಡಗದ್ದೆ ದಾಟಿದ ಮೇಲೆ ಎಂಜಿನ್ ಕೆಮ್ಮಿ ನಿಂತಿತು. ಈ ಕಾರಿನ ವಿದ್ಯುತ್ ಇಂಧನ ಪಂಪು ಟಿಕ್ ಟಿಕ್ ಸದ್ದು ಮಾಡುತ್ತ ಪೆಟ್ರೋಲು ಎಳೆಯುತ್ತದೆ; ಒಳಗಿನ ಸಂಪರ್ಕ ಬಿಂದುಗಳಿಗೆ ಕಿಲುಬು ಹತ್ತಿದರೆ ಸದ್ದು ನಿಲ್ಲುತ್ತದೆ, ಆಗ ಹಗುರವಾಗಿ ತಟ್ಟಬೇಕು. ನಾನು ಮೇಷ್ಟ್ರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಒಳಗೆ ಕೂತು ಸ್ವಿಚ್ ಹಾಕಿದೆ. ಹೊಡೆಯುವುದನ್ನು ಬಿಟ್ಟು ಬಹಳ ವರ್ಷಗಳಾದವೆಂದು ಅವರು ಮೊದಲು ಹಿಂಜರಿದರೂ, ಎರಡೇ ಏಟಿಗೆ ಪಂಪು ಟಿಕ್ ಟಿಕ್ ಎಂದಾಗ ಅವರ ಕಣ್ಣಲ್ಲಿ ಹಳೆಯ ಬೆಳಕು ಬಂತು. ಅಂದಿನಿಂದ ಮೈನರ್ ಶೆಡ್ಡಿನಿಂದ ಹೊರಟಾಗಲೆಲ್ಲ ಮೇಷ್ಟ್ರು ಮುಂದಿನ ಸೀಟಿನಲ್ಲಿ ಸಿದ್ಧರಿರುತ್ತಾರೆ. ಪಂಪು ಸರಿಯಾಗಿ ಓಡಿದ ದಿನ ಅವರು ಸ್ವಲ್ಪ ಮಂಕಾಗುತ್ತಾರೆ. ಕಾರನ್ನು ಹೊಸದು ಮಾಡಿಸಿ ಎಂದು ಈತನಕ ಹೇಳದ ಹಿತೈಷಿ ಅವರೊಬ್ಬರೇ.

ಹಿತೈಷಿಗಳಿಂದ ಪಾರಾಗಲು ಕಾನೂನಾದರೂ ನೆರವಾದೀತೆಂದು ನಾನು ನಂಬಿದ್ದೆ. 2021ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಗಣನೀಯ ಮಾರ್ಪಾಡಿಲ್ಲದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ, ಇಷ್ಟಕ್ಕೇ ಅದು ರಸ್ತೆಗಿಳಿಯಬೇಕು. ಈ ಪಟ್ಟಿಯಲ್ಲಿ ಮದುವೆ ಇಲ್ಲವೆಂಬುದು ನನಗೆ ಮುಖ್ಯವಾಗಿ ಕಂಡಿತ್ತು. ಹಿಂದೊಮ್ಮೆ ಮದುವೆಯೊಂದಕ್ಕೆ ಕಾರು ಕೊಟ್ಟಾಗ, ಬಾನೆಟ್ಟಿಗೆ ಅಂಟಿಸಿದ ಚೆಂಡುಹೂವಿನ ಜೊತೆ ಬಂದ ಟೇಪು, ಕೀಳುವಾಗ ಬಣ್ಣದ ಚಕ್ಕೆಯನ್ನೂ ಕಿತ್ತುಕೊಂಡು ಹೋಗಿತ್ತು.

ಆದ್ದರಿಂದ ಈ ಸಲ ದೂರದ ಸಂಬಂಧಿಯೊಬ್ಬರು ಮಗನ ಮದುವೆಗೆ ಮೈನರ್ ಬೇಕೆಂದು ಬಂದಾಗ ನಾನು ನಿಯಮವನ್ನು ಓದಿ ಹೇಳಿದೆ. ಅವರು ಅರ್ಧ ಸೇದಿದ ಬೀಡಿಯನ್ನು ಆರಿಸಿ, ನಿಯಮವನ್ನು ಇನ್ನೊಮ್ಮೆ ಓದಿಸಿಕೊಂಡು, "ಪ್ರದರ್ಶನ ಎಂದಿದೆಯಲ್ಲ, ಮದುವೆಗಿಂತ ದೊಡ್ಡ ಪ್ರದರ್ಶನ ಯಾವುದಿದೆ?" ಎಂದು ಕೇಳಿದರು. ಮೇಷ್ಟ್ರು ಪಕ್ಕದಲ್ಲೇ ಇದ್ದರೂ ನನ್ನ ನೆರವಿಗೆ ಬರಲಿಲ್ಲ. ದಿಬ್ಬಣದಲ್ಲಿ ಪಂಪು ಕೈಕೊಟ್ಟರೆ ತಮ್ಮ ಅಗತ್ಯ ಬೀಳುತ್ತದೆಂಬ ಲೆಕ್ಕಾಚಾರ ಅವರ ಮುಖದಲ್ಲಿತ್ತು. ಕೊನೆಗೆ ನಾನು ಬಣ್ಣದ ಸ್ಥಿತಿಯನ್ನು ತೋರಿಸಿ, ಇಂಥ ಕಾರಿನಲ್ಲಿ ಮದುಮಗನನ್ನು ಕರೆದೊಯ್ಯುವುದು ಶೋಭೆಯಲ್ಲವೆಂದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಚಿಂತೆ ಮಾಡಬೇಡಿ, ಮುಹೂರ್ತಕ್ಕೆ ಇನ್ನೂ ಸಮಯವಿದೆ, ಪೂರ್ತಿ ಪೇಂಟಿಂಗಿನ ಖರ್ಚು ತಮ್ಮದೇ ಎಂದು ಭರವಸೆ ಕೊಟ್ಟು ಹೋಗಿದ್ದಾರೆ. ನಾನು ಶೆಡ್ಡಿನ ಬೀಗ ಬದಲಾಯಿಸಿದ್ದೇನೆ.